ದೀಪ ದೊಡ್ಡದಾಗೈತ್ರಿ

ಬೆಟಗೇರಿಯ ನೀಲಗಂಗವ್ವನ ಬಾಯಿ ಎಂಥದ್ದೆಂದು ಅವಳ ಗಾಡಿಯ ಮಿರ್ಚಿ ಭಜಿ ತಿಂದವರಿಗೆಲ್ಲ ಗೊತ್ತು. ಚೌಕಾಸಿ ಮಾಡಿದವನ ಜನ್ಮ ಜಾಲಾಡಿಬಿಡುತ್ತಾಳೆ. ಆದರೆ 'ದೀಪ ಆರಿತು' ಎಂಬ ಮಾತು ಮಾತ್ರ ಆ ಬಾಯಲ್ಲಿ ಬಂದದ್ದಿಲ್ಲ. ಅದು ಮನೆಯಲ್ಲಿ ಯಾರಾದರೂ ತೀರಿಹೋದಾಗ ಆಡುವ ಮಾತು. ದೀಪ ನಂದಿದರೆ 'ದೊಡ್ಡದಾತು' ಅನ್ನಬೇಕೆಂದು ಅತ್ತೆ ಕಲಿಸಿದ್ದಳು. ಓಣಿಯ ಬೀದಿದೀಪದ ಗುಂಡಿಯನ್ನು ಎಷ್ಟೋ ವರ್ಷ ಅವಳೇ ಒತ್ತುತ್ತಿದ್ದಳು, ಒತ್ತಿ ಕೈಮುಗಿಯುತ್ತಿದ್ದಳು.

ಈಗ ಆ ಕೆಲಸ ಕಂಪ್ಯೂಟರಿನದು. ಜನ ಓಡಾಡಿದರೆ ತಾನೇ ಬೆಳಕು ಹೆಚ್ಚಿಸುತ್ತದೆ, ಇಲ್ಲದಿದ್ದರೆ ತಗ್ಗಿಸುತ್ತದೆ. ಫೋನ್ ಮಾಡಿದರೆ ಹೆಣ್ಣುದನಿಯಲ್ಲಿ ದೂರನ್ನೂ ಕೇಳಿಸಿಕೊಳ್ಳುತ್ತದೆ. ಭಲೇ ಶಾಣ್ಯಾ ಐತಿ ಎಂದು ನೀಲಗಂಗವ್ವನೂ ಮೆಚ್ಚಿದ್ದಳು.

ಒಂದು ಸಂಜೆ ಅವಳ ಗಾಡಿಯ ಮುಂದಿನ ಕಂಬ ಕತ್ತಲಾಯಿತು. ಫೋನ್ ಹಚ್ಚಿದಳು.

"ನಮ್ಮ ಕಂಬದ ದೀಪ ದೊಡ್ಡದಾಗೈತ್ರಿ, ಜಲ್ದಿ ನೋಡ್ರಿ."

"ಬೆಳಕು ಹೆಚ್ಚಾಗಿದೆ ಎಂಬ ದೂರು ದಾಖಲಾಗಿದೆ. ಕಡಿಮೆ ಮಾಡುತ್ತೇವೆ."

ಕಾದ ಎಣ್ಣೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು 'ಮಾಡುತ್ತೇವೆ' ಒಂದೇ.

ಮರುದಿನ ಅಕ್ಕಪಕ್ಕದ ಕಂಬಗಳೂ ಮಂಕಾದವು. ಗಿರಾಕಿಗಳು ಮುಂದಿನ ಚೌಕಿನ ಗಾಡಿಗೆ ನಡೆದರು, ಕಲಸಿದ ಹಿಟ್ಟು ಹಾಗೇ ಉಳಿಯಿತು. ಹೀಗೇ ಆದರೆ ಗಾಡಿ ಮುಚ್ಚುವುದೇ ಗತಿ. "ಎಲ್ಲಾ ದೀಪ ದೊಡ್ಡವಾದ್ವು!" ಎಂದು ಮತ್ತೆ ಫೋನಿನಲ್ಲಿ ಒದರಿದಳು. ಪಾಪ, ಯಂತ್ರ ಹೇಳಿದಂತೆ ಕೇಳಿತು. ಓಣಿ ಇನ್ನಷ್ಟು ಮಂಕಾಯಿತು.

ಕಂಬದ ರಿಪೇರಿ ಮಾಡುವ ಮೊಹಸಿನ ಗಿರ್ಮಿಟ್ ತಿನ್ನಲು ಬಂದವನು, ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾರ, ಅದಕ್ಕ ನಿಮ್ಮ ಮಾತು ತಿಳಿಯಂಗಿಲ್ರಿ. ಅದರ ಹುಕುಂ ಇಲ್ದ ನಾ ಕಂಬ ಹತ್ತಂಗಿಲ್ಲ. ದೀಪ ಆರೈತಿ ಅಂತ ಒಂದ ಸಲ ಅಂದಬಿಡ್ರಿ."

"ಹುಚ್ಚ ಹಿಡದೈತೇನಲೇ? ಹೊಟ್ಟಿ ಸಲುವಾಗಿ ದೀಪಕ್ಕ ಅಂಥಾ ಮಾತು ಆಡ್ಲೇನು?"

ಮೊಹಸಿನ ನಂಬರ್ ಒತ್ತಿ ಫೋನನ್ನು ಅವಳ ಕೈಗಿಟ್ಟ. ನೀಲಗಂಗವ್ವ ಖಾಲಿ ಓಣಿ ನೋಡಿದಳು, ಉಳಿದ ಹಿಟ್ಟು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಹೊಸ ಸೊಸೆಗೆ ಹೇಳುವಂತೆ ಮೆತ್ತಗೆ ಹೇಳಿದಳು:

"ಕೇಳವಾ ತಂಗಿ. ನಮ್ಮ ಕಡೆ ದೀಪ ದೊಡ್ಡದಾತು ಅಂದ್ರ ಕತ್ತಲಾತು ಅಂತ ಅರ್ಥ. ನಾವು ಕತ್ತಲಾಗ ಕುಂತೇವಿ."

ಆಚೆಯಿಂದ ಅದೇ ಹೆಣ್ಣುದನಿ ಬಂತು: "ತಿಳಿಯಿತು. ಕತ್ತಲಾಗಿದೆ ಎಂದು ದಾಖಲಿಸಿದ್ದೇನೆ."

ಹುಕುಂ ಬಂತು, ಮೊಹಸಿನ ಕಂಬ ಹತ್ತಿದ. ಮರುದಿನ ಮುಸ್ಸಂಜೆ ಓಣಿಯೆಲ್ಲ ಝಗ್ಗನೆ ಬೆಳಗಿತು. ನೀಲಗಂಗವ್ವ ಹಿಟ್ಟಿನ ಕೈಯಲ್ಲೇ ಕೈಮುಗಿದಳು. ಗಿರಾಕಿಗಳು ಗಾಡಿ ಮುತ್ತಿಕೊಂಡಿದ್ದಾಗ ಫೋನ್ ಬಂತು, ಅದೇ ದನಿ:

"ನಿಮ್ಮ ಓಣಿಯಲ್ಲಿ ದೊಡ್ಡದಾಗಿದ್ದ ದೀಪಗಳನ್ನು ಹಚ್ಚಲಾಗಿದೆ."

ಅವಳಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. "ಲೇ ಮೊಹಸಿನ, ಕೇಳಿದೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. "ದೊಡ್ಡದಾಗಿತ್ತು ಅಂತು ನೋಡೋ, ನನ್ನ ಸೊಸಿ!"