ಸುಟ್ಟ ಕೂದಲಿಗೆ ಒಂದು ಡಬ್ಬಿ ಮಾಸ್ಕ್

ಹುಕ್ಕೇರಿಯ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ದಿನಾ ಬೆಳಿಗ್ಗೆ ಕೂದಲು ನೆಟ್ಟಗಾಗಲೆಂದು ಅದಕ್ಕೆ ಮಷೀನಿನ ಇಸ್ತ್ರಿ ಹಾಕತೊಡಗಿದೆ. ಗಿರಾಕಿಗಳೆದುರು ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸುವುದು ನನ್ನ ಕೆಲಸ. ಕನ್ನಡಿಯಲ್ಲಿ ನನ್ನ ಗುಂಗುರು ಕೂದಲು ನನಗೇ ಸೇರುತ್ತಿರಲಿಲ್ಲ. ಹುಕ್ಕೇರಿಗೆ ಹೋಗುವ ಘೋಡಗೇರಿಯ ಬಸ್ಸು ತಪ್ಪೀತೆಂಬ ಅವಸರದಲ್ಲಿ ಒದ್ದೆ ಕೂದಲಿಗೇ ಕಾದ ಮಷೀನು ಒತ್ತುತ್ತಿದ್ದೆ. ಚುಂಯ್ ಎಂದು ಹಬೆ ಏಳುತ್ತಿತ್ತು. ಸಾಲದ್ದಕ್ಕೆ ನಮ್ಮ ಬೋರಿನದು ಸವಳು ನೀರು. ವರ್ಷ ತುಂಬುವುದರೊಳಗೆ ಬಾಚಣಿಕೆ ಹಾಕಿದರೆ ಕೂದಲು ಉದುರುವುದರ ಬದಲು ನಡುವೆಯೇ ತುಂಡಾಗಿ ಬರತೊಡಗಿತು.

ಮೂಡಲಗಿಯ ತವರಿಗೆ ಹೋದಾಗ ಅವ್ವ ಎಣ್ಣೆ ಹಚ್ಚಲು ಕೂತಳು. ತುಸು ಹೊತ್ತು ಅವಳ ಕೈ ಆಡಲೇ ಇಲ್ಲ.

"ಯವ್ವಾ, ಇದೇನ ಮಾಡ್ಕೊಂಡಿ? ಕೂದಲಾ ಹೋಗಿ ಕತ್ತಾಳಿ ನಾರ ಆಗೈತಲ್ಲ!"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗೈಗೆ ಬಂದ ತುಂಡುಗಳನ್ನು ನೋಡುತ್ತಾ, "ಸಾಲಿಗಿ ಹೋಗೂವಾಗ ನಿನ್ನ ಹೆರಳ ನನ್ನ ಮುಷ್ಟ್ಯಾಗ ಹಿಡೀತಿರಲಿಲ್ಲ" ಎಂದಳು.

ಮರಳಿ ಬರುವಾಗ ಗೋಕಾಕದಲ್ಲಿ ಬಸ್ಸು ಬದಲಿಸಬೇಕಿತ್ತು. ಮನಸ್ಸು ತಡೆಯದೆ ಪೇಟೆಯ ಬಳೆ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯಾಕೆ ನಾನು ಕೇಳುವ ಮೊದಲೇ ನನ್ನ ಜಡೆಯ ತುದಿ ನೋಡಿ ದುಂಡನೆಯ ಡಬ್ಬಿಯೊಂದನ್ನು ಮುಂದಿಟ್ಟಳು.

"ಇದು ಕೂದಲದ ಮಾಸ್ಕ್ ರಿ. ಹಚ್ಚಿ ನೋಡ್ರಿ."

"ಮೊದಲಿನಂಗ ಆಗ್ತಾವೇನ್ರಿ?"

"ಸುಟ್ಟಿದ್ದು ಮತ್ತ ಹುಟ್ಟಂಗಿಲ್ರಿ, ಸುಳ್ಳ ಯಾಕ ಹೇಳ್ಲಿ? ಆದ್ರ ಮೆತ್ತಗ ಆಗ್ತಾವು, ಹರಿಯೂದು ಕಡಿಮಿ ಆಗತೈತಿ."

ಆ ಮಾತಿಗೇ ನಂಬಿಕೆ ಬಂದು ಡಬ್ಬಿ ತೆಗೆದುಕೊಂಡೆ.

ಮನೆಯಲ್ಲಿ ಅತ್ತೆ ಅದನ್ನು ತಿರುಗಿಸಿ ನೋಡಿದರು. ಅವರು ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು. ಪ್ರಾಯವೆಲ್ಲ ಹಿಂಡಿನ ಹಿಂದೆ, ಆಮೇಲೆ ಹೊಲದಲ್ಲಿ ಕಳೆದಿತ್ತು. ಮಾಸ್ಕ್ ಎಂದದ್ದೇ ಗಾಬರಿಯಾದರು.

"ಯಾಕ, ಕೊರೊನಾ ಮತ್ತ ಬಂತೇನ?"

ಬಾಯಿಗಲ್ಲ, ತಲೆಗೂದಲಿಗೆ ಹಚ್ಚುವುದು ಎಂದು ತಿಳಿಸಿ ಹೇಳಿದೆ. ಹಚ್ಚುವುದೆಂದರೆ ಅವರಿಗೆ ಗೊತ್ತಿಲ್ಲದ ಕೆಲಸವೇ? ಭಾನುವಾರ ಅಂಗಳದಲ್ಲಿ ನನ್ನನ್ನು ಕೂಡಿಸಿಕೊಂಡು, "ನೀ ಸುಮ್ಮ ಕುಂದ್ರ" ಎಂದು ಬೆಣ್ಣೆಯಂಥ ಆ ಬಿಳಿ ಮುದ್ದೆಯನ್ನು ಒಣ ತಲೆಗೇ ಎಣ್ಣೆಯಂತೆ ತಿಕ್ಕಿದರು. ನೆತ್ತಿಯಿಂದ ಕಿವಿಯ ಹಿಂದಿನವರೆಗೂ ಬಿಡಲಿಲ್ಲ. ನನಗೂ ಹಾಯೆನಿಸಿ ಕಣ್ಣು ಮುಚ್ಚಿಕೊಂಡಿದ್ದೆ. ಎಷ್ಟು ತೊಳೆದರೂ ಜಿಡ್ಡು ಹೋಗಲಿಲ್ಲ. ಒಣಗಿದ ಮೇಲೆ ಕೂದಲು ತಲೆಬುರುಡೆಗೆ ಅಂಟಿಕೊಂಡು ಕೂತಿತು.

ಅತ್ತೆ ಸುತ್ತ ತಿರುಗಿ ನೋಡಿದರು. "ಆಕಳಾ ಕರಾ ನೆಕ್ಕಿದಂಗ ಆಗೈತಿ" ಎಂದು ಹೇಳಿ, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಳುವುದೋ ನಗುವುದೋ ತಿಳಿಯದೆ ಕೊನೆಗೆ ಅವರ ಜೊತೆ ನಕ್ಕುಬಿಟ್ಟೆ. ಮರುದಿನ ತುರುಬು ಬಿಗಿದುಕೊಂಡು ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಬಿಡುವಿದ್ದಾಗ ಡಬ್ಬಿಯ ಹಿಂದಿದ್ದ ಸಣ್ಣ ಅಕ್ಷರಗಳ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಓದಿದೆ. ಮೊದಲು ಶಾಂಪೂ ಹಾಕಿ ತೊಳೆದು ನೀರು ಹಿಂಡಬೇಕು. ಬುಡಕ್ಕೆ ತಾಗಿಸದೆ ನಡುವಿನಿಂದ ತುದಿಗೆ ಮಾತ್ರ ಹಚ್ಚಿ, ತುಸು ಹೊತ್ತು ಬಿಟ್ಟು ತೊಳೆಯಬೇಕು. ನಾವು ಮಾಡಿದ್ದೆಲ್ಲ ಉಲ್ಟಾ.

ಮುಂದಿನ ಭಾನುವಾರ ಬೋರಿನ ನೀರು ಬಿಟ್ಟು, ನಳದಲ್ಲಿ ಬರುವ ಹೊಳೆಯ ನೀರನ್ನು ಹಿಡಿದಿಟ್ಟುಕೊಂಡೆ. ಹೇಳಿದಂತೆಯೇ ಹಚ್ಚಿದೆ. ಅತ್ತೆ ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ತಲೆಗೆ ಸುತ್ತಿದರು. ತೊಳೆದು ಒಣಗಿಸಿ ಅಂಜುತ್ತಲೇ ಬಾಚಣಿಕೆ ಇಟ್ಟೆ. ಒಂದೆರಡು ಕಡೆ ಸಿಕ್ಕಿಕೊಂಡಿತು, ಬಿಡಿಸಿದೆ. ಆಮೇಲೆ ಕೆಳಗಿನವರೆಗೂ ಇಳಿಯಿತು. ಜಾಹೀರಾತಿನ ಹುಡುಗಿಯ ಹೊಳಪೇನೂ ಬಂದಿರಲಿಲ್ಲ. ಆದರೆ ಬಾಚಣಿಕೆಯ ಹಲ್ಲುಗಳಲ್ಲಿ ತುಂಡುಗಳು ಕಡಿಮೆಯಿದ್ದವು. ಬೆರಳಾಡಿಸಿದರೆ ಇದು ನನ್ನದೇ ಕೂದಲು ಅನಿಸಿತು. ಅಂದೇ ಇಸ್ತ್ರಿ ಮಷೀನನ್ನು ಟ್ರಂಕಿನ ತಳಕ್ಕೆ ಹಾಕಿದೆ.

ತುದಿಗಳು ಮಾತ್ರ ಕವಲೊಡೆದು ಕಂದಾಗಿಯೇ ಉಳಿದವು. ಅದನ್ನು ಕಂಡು ಅತ್ತೆ ಹೇಳಿದರು: "ಇಷ್ಟ ಕತ್ತರಿಸಿಬಿಡು ಯವ್ವಾ. ಮೈಮ್ಯಾಲಿನ ಉಣ್ಣಿ ಕತ್ತರಿಸಿದ ದಿನಾ ಕುರಿ ಬಡವಿ ಕಾಣತೈತಿ. ಆಮ್ಯಾಲೆ ಬರೂ ಉಣ್ಣಿ ಚಲೋ ಇರತೈತಿ."

"ಹಂಗಾರ ನನ್ನ ಕುರಿ ಮಾಡಿದ್ರೇನ್ರಿ ಅತ್ತಿ?"

"ಕುರಿ ಇಷ್ಟ ಮಾತಾಡಂಗಿಲ್ಲ, ಸುಮ್ಮ ನಿಂದರತೈತಿ" ಎನ್ನುತ್ತಾ ಕತ್ತರಿ ತಂದು ಅವರೇ ನಾಲ್ಕು ಬೆರಳಿನಷ್ಟು ಕತ್ತರಿಸಿದರು. ಒಂದು ಬದಿ ಸ್ವಲ್ಪ ಗಿಡ್ಡವಾಯಿತು.

ಹೀಗೆ ಭಾನುವಾರಗಳು ಕಳೆಯುತ್ತಿದ್ದಾಗ ಒಂದು ದಿನ ಮಾಸ್ಕ್ ಹಚ್ಚಿಕೊಂಡು ಕೈ ತೊಳೆಯಲು ಹೊರಟವಳನ್ನು ಅತ್ತೆ ತಡೆದರು.

"ಡಬ್ಬ್ಯಾಗ ಏನರ ಉಳದೈತೇನ?"

ಉಳಿದಿದೆ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ತಲೆಯ ಮೇಲಿನ ಸೆರಗು ಇಳಿಸಿದರು. ನಾನು ಆ ಮನೆಗೆ ಬಂದು ಆರು ವರ್ಷವಾಗಿದ್ದರೂ ಅವರ ತಲೆಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೇವಿನ ಹೊರೆ ಹೊತ್ತೂ ಹೊತ್ತೂ ನೆತ್ತಿಯ ಮೇಲೆ ರೊಟ್ಟಿಯಗಲ ಕೂದಲು ಸವೆದುಹೋಗಿತ್ತು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ಹಚ್ಚಿದ್ರ ಬರತಾವೇನ?" ಎಂದು ಕೇಳಿದರು.

ಹೂಂ ಎಂಬ ಮಾತು ಬಾಯಿತನಕ ಬಂತು. ಆದರೆ ಅಷ್ಟು ನಂಬಿ ಕೇಳಿದವರಿಗೆ ಹೇಗೆ ಸುಳ್ಳು ಹೇಳಲಿ? "ಇಲ್ರಿ ಅತ್ತಿ. ಇದು ಹೊಸಾ ಕೂದಲಾ ತರಂಗಿಲ್ಲ. ಇದ್ದದ್ದನ್ನ ಮೆತ್ತಗ ಮಾಡತೈತಿ."

"ಹಂಗಾರ ಇದ್ದದ್ದಕ್ಕ ಹಚ್ಚು" ಎಂದು ಅವರು ನನ್ನ ಮುಂದೆ ಬೆನ್ನು ಮಾಡಿ ಕೂತರು.

ಬೆನ್ನಿಗೆ ಇಳಿದಿದ್ದ ಒರಟು ನರೆಗೂದಲನ್ನು ತೊಳೆದು, ಎಳೆ ಎಳೆಯಾಗಿ ಬಿಡಿಸಿ ಹಚ್ಚಿದೆ. ಅವರು ಕುರಿಗಳೊಡನೆ ಬಯಲಲ್ಲಿ ಮಲಗುತ್ತಿದ್ದ ದಿನಗಳ ಕಥೆ ಹೇಳುತ್ತಾ ಹೋದರು. ತೊಳೆದು ಒಣಗಿದ ಮೇಲೆ ಜಡೆಯನ್ನು ಮುಂದಕ್ಕೆಳೆದುಕೊಂಡು ಕೆನ್ನೆಗೆ ತಾಗಿಸಿ ನೋಡಿದರು. "ಮರಿ ಮೈ ಇದ್ದಂಗ ಐತಿ" ಎಂದರು. ಅವರ ದನಿಯಲ್ಲಿ ಹುಡುಗಿಯ ಸಡಗರವಿತ್ತು.

ಅದೇ ವಾರ ಹತ್ತರಗಿಯ ನೆಂಟರಲ್ಲಿ ಬಸುರಿ ಹೆಣ್ಣುಮಗಳ ಕುಬಸವಿತ್ತು. ಆರತಿಯಾದ ಮೇಲೆ ಹೂವು ಹಂಚುವಾಗ, ಯಾವಾಗಲೂ ಮುಟ್ಟಿ ನಮಸ್ಕರಿಸಿ ನನಗೇ ಕೊಟ್ಟುಬಿಡುತ್ತಿದ್ದ ಅತ್ತೆ ಅಂದು ಮಲ್ಲಿಗೆಯ ಮಾಲೆಯನ್ನು ತಾವೇ ಜಡೆಗೆ ಸಿಕ್ಕಿಸಿಕೊಂಡರು. ವಾರಿಗೆಯ ಹೆಂಗಸರು ಛೇಡಿಸಿದರು. "ಏನ ಈಗ, ನನಗ ಕೂದಲಾ ಇಲ್ಲೇನು?" ಎಂದು ಅವರೂ ಬಿಡಲಿಲ್ಲ.

ಸಂಜೆ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತರು. ಗಾಳಿಗೆ ನನ್ನ ಹಣೆಯ ಮೇಲಿನ ಹೊಸ ಕೂದಲು, ಇನ್ನೂ ಬೆರಳುದ್ದವೂ ಇಲ್ಲದ್ದು, ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಅತ್ತೆ ಅದನ್ನು ಬೆರಳಿಂದ ನೇವರಿಸಿ ನೋಡಿದರು.

"ನಿನ್ನವು ಬರಾಕತ್ತಾವ ನೋಡು" ಎಂದರು. ಮತ್ತೆ ತುಸು ಹೊತ್ತಿಗೆ, "ಗೋಕಾಕಕ್ಕ ಹ್ವಾದಾಗ ದೊಡ್ಡ ಡಬ್ಬಿ ತಗೊಂಬಾ. ಸಣ್ಣದು ಇಬ್ಬರಿಗೆ ಸಾಲಂಗಿಲ್ಲ."