ಹರಿಯಬೇಕಾಗಿದ್ದ ತಂತಿ

ಫ್ಯೂಸು ಹೋಗಿ ಮನೆ ಕತ್ತಲಾದರೆ ನೀವೆಲ್ಲ ಹಿಡಿಶಾಪ ಹಾಕುತ್ತೀರಿ. ನಾನು ಮಾತ್ರ ಕುಳಿತಲ್ಲೇ ಕುಳಿತು, ಸದ್ಯ, ಹರಿಯಿತಲ್ಲ ಎಂದು ನಿಟ್ಟುಸಿರು ಬಿಡುತ್ತೇನೆ. ಕೂದಲೆಳೆಗಿಂತ ತುಸು ದಪ್ಪದ ಆ ಬಡಪಾಯಿ ತಂತಿಯ ಧರ್ಮವೇ ಹರಿಯುವುದು, ಭಾರ ಮಿತಿಮೀರಿದೊಡನೆ ತಾನು ಕರಗಿ ಉಳಿದದ್ದನ್ನೆಲ್ಲ ಉಳಿಸುವುದು. ಇಷ್ಟು ಸಣ್ಣ ಮಾತು ನಮ್ಮ ಮನೆಯವರ ತಲೆಗೆ ಹೋಗಲಿಲ್ಲ.

ಸವಣೂರಿನ ನಮ್ಮ ಓಣಿಗೆ ಇನ್ನೂ ವಿದ್ಯುತ್ತು ಬಾರದಿದ್ದ ಕಾಲವದು. ನನ್ನ ಅಣ್ಣ ಶಿವಪ್ಪನಿಗೆ ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ. ಇಪ್ಪತ್ತು ದಾಟಿದ ಗಂಡಸು ಹಗಲಿಡೀ ಪಡಸಾಲೆಯ ಮಂಚದ ಮೇಲೆ. ಅಪ್ಪ ತೀರಿಕೊಳ್ಳುವ ಮೊದಲು ಮುಂಬಯಿಯಿಂದ ಒಂದು ವಿಲಾಯತಿ ಆಟದ ರೈಲು ತಂದುಕೊಟ್ಟಿದ್ದ. ಮಂಚದ ಪಕ್ಕದ ಅಗಲ ಹಲಗೆಯ ಮೇಲೆ ಅದರ ಹಳಿ. ಹಾನಗಲ್ಲಿಗೆ ಮೋಟಾರು ಓಡಿಸುತ್ತಿದ್ದ ಸೋದರಮಾವ ಬಸಣ್ಣ ತಂದುಕೊಟ್ಟ ಬ್ಯಾಟರಿ ಆಚೆ ಕಿಟಕಿಯ ಕೆಳಗೆ. ಹಲಗೆಯ ಮೇಲೆ ಅಣ್ಣ ಸೀಮೆಸುಣ್ಣದಲ್ಲಿ ಶಿಗ್ಗಾವಿ, ತಡಸ, ಹಂಸಭಾವಿ ಎಂದು ನಿಲ್ದಾಣಗಳನ್ನು ಬರೆದಿದ್ದ. ನಿಜದ ರೈಲು ಕಾಣದ ಊರುಗಳಿಗೂ ಅವನ ರೈಲು ಹೋಗುತ್ತಿತ್ತು. ಅವನ ಬದುಕಿನ ಸಂತೋಷವೆಲ್ಲ ಆ ಹಲಗೆಯಷ್ಟೇ ಅಗಲ.

ಬ್ಯಾಟರಿಯಿಂದ ಹಳಿಗೆ ಹೋಗುವ ದಾರಿಯಲ್ಲಿ ಅವನು ಸಣ್ಣ ತಂತಿಯೊಂದನ್ನು ಕಟ್ಟಿಸಿದ್ದ. ಸೂಜಿಯೋ ಮೊಳೆಯೋ ಎರಡೂ ಹಳಿಗೆ ಅಡ್ಡ ಬಿದ್ದರೆ ಅದು ಟಪ್ಪೆಂದು ಹರಿಯುತ್ತಿತ್ತು, ರೈಲು ನಿಲ್ಲುತ್ತಿತ್ತು, ಅಣ್ಣ ನಗುತ್ತಲೇ ಹೊಸದನ್ನು ಕಟ್ಟಿಸುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷದ ಖಂಡೇಪೂಜೆ. ನಮ್ಮ ಕಡೆ ಆ ದಿನ ಕುಡಗೋಲಿನಿಂದ ತಕ್ಕಡಿಯವರೆಗೆ ದುಡಿಯುವ ವಸ್ತುಗಳಿಗೆಲ್ಲ ಪೂಜೆ. “ನನ್ನ ಮಗನ್ನ ನಗಸಾಕ ಈ ರೈಲು ದಿನಾ ದುಡೀತೈತಿ, ಇದಕ್ಕೂ ಪೂಜಿ ಆಗಬೇಕು” ಎಂದಳು ಅವ್ವ. ಬೆಳಗ್ಗೆ ಮಾವ ರೈಲು ಬಿಟ್ಟು ನೋಡಿದಾಗ ತಂತಿ ಹರಿಯಿತು. ಅಪಶಕುನವಾಯಿತೆಂದು ಅವ್ವ ಮಾವನ ಕೈ ಹಿಡಿದಳು.

“ಹಬ್ಬದ ದಿನಾನ ಹರಕೊಂತಲ್ಲೋ ಬಸಣ್ಣ! ಗಟ್ಟೀದೊಂದು ಕಟ್ಟೋ ಮಾರಾಯ.”

“ಚಿಂತಿ ಬಿಡಕ್ಕ, ಇನ್ನ ಏನಾದ್ರೂ ಹರಿಯಂಗಿಲ್ಲ” ಎಂದು ಮಾವ ದಪ್ಪನೆಯ ತಾಮ್ರದ ತಂತಿ ಬಿಗಿದ. ಅಣ್ಣನನ್ನು ಆಗ ಹಿತ್ತಿಲಿಗೆ ಎಣ್ಣೆನೀರಿಗೆ ಒಯ್ದಿದ್ದರು. ಅವನಿಗೆ ಯಾರೂ ಹೇಳಲಿಲ್ಲ.

ಪೂಜೆಗೆ ಹಳಿಯ ಕೆಳಗೆ ಹೊಸ ಖಣದ ಬಟ್ಟೆ ಹಾಸಿ, ಎಂಜಿನ್ನಿನ ಕೊರಳಿಗೆ ಅಣ್ಣನ ಬಾಲ್ಯದ ಬೆಳ್ಳಿಯ ಉಡದಾರ ಹಾಕಿ, ಮನೆತುಂಬ ಲೋಬಾನದ ಹೊಗೆಯಾಡಿಸಿ ಅವ್ವ ಕೈಮುಗಿದಳು. ಮಾವ ಬ್ಯಾಟರಿಗೆ ತಂತಿ ಸೇರಿಸಿದ. ರೈಲು ಒಮ್ಮೆ ಅಲುಗಿತು. ಉಡದಾರ ಜಾರಿ ಎರಡೂ ಹಳಿಗೆ ಅಡ್ಡ ಬಿತ್ತು, ಕಿಡಿ ಹಾರಿತು.

ಪೂಜೆ ನೋಡಲು ಬಂದಿದ್ದ ಓಣಿಯವರು ಗಾಬರಿಯಾದರೂ ಮಂಚದ ಮೇಲಿದ್ದ ಅಣ್ಣ ನಕ್ಕ. “ಅಂಜಬ್ಯಾಡ್ರಿ, ತಂತಿ ಹರೀತೈತಿ, ಏನೂ ಆಗಂಗಿಲ್ಲ.”

ಹರಿಯಲಿಲ್ಲ. ಅಯ್ಯೋ, ಆ ನಂಬಿಕೆಯ ಮುಖವನ್ನು ನೀವು ನೋಡಬೇಕಿತ್ತು! “ಮಾಮಾ, ಬ್ಯಾಟರಿ ತಂತಿ ಕೀಳ್ರೀ!” ಎಂದು ಅವನು ಕೂಗುವಷ್ಟರಲ್ಲಿ ತಂತಿಗಳಿಗೆ ಸುತ್ತಿದ್ದ ನೂಲು ಹೊತ್ತಿತ್ತು, ಲೋಬಾನದಲ್ಲಿ ಯಾವ ಹೊಗೆ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಮಾವ ಬೆರಳು ಸುಟ್ಟುಕೊಂಡು ಕಿತ್ತೆಳೆದಾಗ ಖಣ ಉರಿದು, ಎಂಜಿನ್ನು ಕರಿಕಾಗಿತ್ತು. ಯುದ್ಧಕಾಲದಲ್ಲಿ ಇನ್ನೊಂದು ಎಲ್ಲಿಂದ ತರುವುದು?

ನಮ್ಮ ಮನೆಯಲ್ಲಿ ಹರಿಯದಿರುವುದೇ ದೊಡ್ಡ ಗುಣ. ಅಪ್ಪ ಹೋದಾಗ ಅವ್ವ ಅಳಲಿಲ್ಲವೆಂದು ಊರೇ ಹೊಗಳಿತ್ತು. ಚಿಕ್ಕಂದಿನಲ್ಲಿ ಅಣ್ಣ ಸಿಟ್ಟಿಗೆ ತಾಟು ಎಸೆದು ಅಳುತ್ತಿದ್ದ. ಗಂಡಸಾಗಿ ಅಳುತ್ತೀಯಾ ಎಂದು ಎಲ್ಲರೂ ಸೇರಿ ಅವನೊಳಗೂ ತಾಮ್ರ ಬಿಗಿದೆವು. ಈಗ ಅವ್ವ ಮಂಚದ ಬಳಿ ಕುಸಿದು, “ಬೈಯಪ್ಪಾ, ಒಂದ್ ಮಾತರ ಬೈಯಿ ನನಗ” ಎಂದು ಅಂಗಲಾಚಿದರೆ, ಅವನು ಕೇಳಿದ್ದು ಇಷ್ಟೇ: “ಉಂಡೀಯೇನವ್ವ?”

ಮುಂದೆ ಅವನು ಯಾರನ್ನೂ ಏನನ್ನೂ ಬೇಡಲಿಲ್ಲ. ಮರುವರ್ಷ ಜ್ವರದಲ್ಲಿ ಮೈ ಕಾದ ಹಂಚಾಗಿದ್ದಾಗಲೂ ದೂರದಿಂದಲೇ “ಆರಾಮ ಅದೇನಿ” ಎಂದ, ಹತ್ತಿರ ಬಂದವರಿಗೆ ಬೆನ್ನು ಮಾಡಿ ಗೋಡೆಯ ಕಡೆ ಹೊರಳಿದ. ನಮಗೆ ಗೊತ್ತಾಗುವ ಹೊತ್ತಿಗೆ ಡಾಕ್ಟರರ ಕೈಮೀರಿತ್ತು.

ಅಣ್ಣನ ಮಣ್ಣಿಗೆ ಬಂದವರೊಬ್ಬರು, “ಭಾಳ ಗಟ್ಟಿ ಮನಶ್ಯಾ ಇದ್ದ ಬಿಡ್ರಿ” ಎಂದರು. ಅದನ್ನು ಕೇಳಿದ್ದೇ ತಡ, ಅವ್ವ ಎದೆ ಬಡಿದುಕೊಂಡು ಓಣಿಗೆಲ್ಲ ಕೇಳುವಂತೆ ಬೋರಾಡಿ ಅತ್ತಳು. ಸಮಾಧಾನ ಹೇಳಲು ಓಡಿಬಂದ ಹೆಂಗಸರ ಕೈಗಳನ್ನು ನಾನು ಹಿಡಿದು ನಿಲ್ಲಿಸಿದೆ.

“ಬಿಡ್ರಿ,” ಎಂದೆ, “ಅಳ್ಲಿ.”