ಬೆಳೆಯುವ ಮಡಿಕೆ

ಶಾಲೆ ಶುರುವಾಗುವ ದಿನ ಹತ್ತಿರ ಬಂತೆಂದರೆ ನಮ್ಮ ಬೀದಿಯಲ್ಲಿ ಯಾರ ಕೈಯೂ ಸುಮ್ಮನಿರುವುದಿಲ್ಲ, ಯಾರ ಜೇಬೂ ತಣ್ಣಗಿರುವುದಿಲ್ಲ. ಪುಸ್ತಕ, ಬೂಟು, ಚೀಲ, ಯೂನಿಫಾರ್ಮು ಎಲ್ಲವೂ ಒಟ್ಟಿಗೆ ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಆಗ ಜನ ದೊಡ್ಡ ಅಂಗಡಿಗಳ ಕಡೆ ತಲೆ ಹಾಕುವ ಮೊದಲು ಬರುವುದು ಮಡಿಕೆಯಕ್ಕನ ಹತ್ತಿರ. ಹೊಲಿಗೆ ಅವಳ ಕಸುಬು. ಅವಳ ಕೋಣೆಗೂ ನಾನು ಚೀಲ ರಿಪೇರಿ ಮಾಡುವ ಕೋಣೆಗೂ ನಡುವೆ ಒಂದೇ ತೆಳ್ಳನೆ ಗೋಡೆ. ಅವಳ ಮೆಷಿನ್ನು ಓಡಿದರೆ ನನ್ನ ಮೊಳೆ ಡಬ್ಬಿ ಕುಣಿಯುತ್ತದೆ. ಆ ಕೋಣೆಯ ಮಾತು ಈ ಕೋಣೆಗೆ ಬೇಡವೆಂದರೂ ಬರುತ್ತದೆ.

ಮಡಿಕೆಯಕ್ಕ ಎನ್ನುವ ಹೆಸರು ಬೀದಿಯವರು ಇಟ್ಟದ್ದು. ಮಕ್ಕಳ ಬಟ್ಟೆ ಯಾವುದೇ ಬರಲಿ, ಅವಳು ಅಂಚಿನಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಅದನ್ನು ಒಳಕ್ಕೆ ಮಡಿಸಿ ಹೊಲಿಯುತ್ತಾಳೆ. ಮಗು ಉದ್ದವಾದ ಹಾಗೆ ಹೊಲಿಗೆ ಬಿಚ್ಚಿ ಒಂದಿಷ್ಟು ಇಳಿಸುವುದು, ಮತ್ತೆ ಹೊಲಿಯುವುದು. ಅದಕ್ಕೆ ಬೆಳೆಯುವ ಮಡಿಕೆ ಎನ್ನುತ್ತಾಳೆ. ಒಂದು ಬಟ್ಟೆ ಒಂದು ಮಗುವಿಗೆ ಮೂರು ವರ್ಷ ಬರಬೇಕು, ಆಮೇಲೆ ಪಕ್ಕದ ಮನೆಯ ಮಗುವಿಗೆ ಹೋಗಬೇಕು, ಅದು ಅವಳ ಕಾನೂನು. ಮಗುವಿನ ಪಾದ ನೋಡಿ, ಮಣಿಕಟ್ಟು ನೋಡಿ, ಇವನು ಈ ವರ್ಷ ಎಷ್ಟು ಏರುತ್ತಾನೆ ಎಂದು ಹೇಳಿಬಿಡುತ್ತಾಳೆ. ಟೇಪು ಸದಾ ಕೊರಳಲ್ಲಿ ಇರುತ್ತದೆ, ಕೈಗೆ ಬರುವುದು ಅಪರೂಪ.

ಮಡಿಕೆ ಬಿಚ್ಚಿದಲ್ಲಿ ಒಂದು ಗೆರೆ ಉಳಿಯುತ್ತದೆ. ಹೊರಗಿದ್ದ ಬಟ್ಟೆ ಬಿಸಿಲಿಗೂ ಸೋಪಿಗೂ ಮಾಸಿರುತ್ತದೆ, ಒಳಗಿದ್ದದ್ದು ಹೊಸ ಬಣ್ಣದಲ್ಲೇ ಇರುತ್ತದೆ. ಬೇರೆ ಕಡೆ ಆ ಗೆರೆ ಕಂಡರೆ ನಾಚಿಕೆ. ನಮ್ಮ ಬೀದಿಯ ತಾಯಂದಿರಿಗೆ ಅದೇ ಹೆಮ್ಮೆ. ‘ನಮ್ಮವನ ಪ್ಯಾಂಟಿಗೆ ಆಗಲೇ ಎರಡು ಗೆರೆ’ ಎಂದು ಹೇಳಿಕೊಂಡು ತಿರುಗುತ್ತಾರೆ.

ಕೂತಲ್ಲಿ ಕೂರುವ ಹೆಂಗಸಲ್ಲ ಅವಳು. ಹೊಲಿಯುತ್ತ ಹೊಲಿಯುತ್ತ ಎದ್ದು ಒಲೆ ನೋಡುತ್ತಾಳೆ, ಒಲೆಯ ಮುಂದೆ ನಿಂತು ಕಿಟಕಿಯಿಂದ ಬೀದಿ ನೋಡುತ್ತಾಳೆ, ಬೀದಿಯಲ್ಲಿ ಹೋಗುವವರ ಮಗುವನ್ನು ನೋಡಿ ‘ಏ, ಇವಳ ತೋಳು ಗಿಡ್ಡ ಆಗಿದೆ, ಸಂಜೆ ಕರ್ಕೊಂಡು ಬಾ’ ಎಂದು ಕೂಗುತ್ತಾಳೆ. ಗಂಡ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಇರುವವಳು ಒಬ್ಬಳೇ ಮಗಳು. ಮಾತು ಕಡಿಮೆ, ಓದು ಜಾಸ್ತಿ.

ಆ ಮಗಳು ಈ ಸಲ ಪರೀಕ್ಷೆ ಬರೆದು ಊರಾಚೆಯ ದೊಡ್ಡ ಶಾಲೆಯಲ್ಲಿ ಸೀಟು ಗಿಟ್ಟಿಸಿದ್ದಳು. ಫೀಸಿಲ್ಲ. ನಮ್ಮ ಬೀದಿಯಿಂದ ಅಲ್ಲಿಗೆ ಹೋದವರು ಯಾರೂ ಇಲ್ಲ, ಹಾಗಾಗಿ ಅಲ್ಲಿಯ ಹಸಿರು ಸ್ಕರ್ಟನ್ನು ಹಳೆಯದೇ ಇರಲಿ ಎಂದು ಕೇಳಿ ತರಲು ಒಂದು ಮನೆಯೂ ಇರಲಿಲ್ಲ. ಫಲಿತಾಂಶ ಬಂದ ದಿನವೇ, ಇನ್ನೂ ಯಾರೂ ಕೊಳ್ಳದ ಕಾಲದಲ್ಲಿ, ಮಡಿಕೆಯಕ್ಕ ಅಂಗಡಿಯವನ ಅಟ್ಟದಿಂದ ಬಟ್ಟೆ ಇಳಿಸಿ ಅರ್ಧ ಬೆಲೆಗೆ ತಂದಳು. ‘ಮುಂದಿನ ತಿಂಗಳು ಬಂದಿದ್ರೆ ಇದೇ ಬಟ್ಟೆಗೆ ಅವನು ನನ್ನ ಚರ್ಮ ಸುಲೀತಿದ್ದ’ ಎಂದು ನನಗೆ ತೋರಿಸಿ ಹೋದಳು. ಸ್ಕರ್ಟು ಹೊಲಿದಳು. ಅಂಚಿಗೆ ಮಡಿಕೆ ಎಂದಿಗಿಂತ ದಪ್ಪ, ಇನ್ನೂ ಏರುತ್ತಾಳೆ ಎಂದು ಉದ್ದವೂ ನಾಲ್ಕು ಬೆರಳು ಹೆಚ್ಚು. ದೊಡ್ಡ ಶಾಲೆ ಮುಗಿಯುವವರೆಗೂ ಇದೊಂದರಲ್ಲೇ ದಾಟಿಸುವ ಲೆಕ್ಕ ಅವಳದು.

ಶಾಲೆ ಶುರುವಾಗುವ ಮುನ್ನ ಹೊಸ ಮಕ್ಕಳನ್ನೆಲ್ಲ ಒಂದು ದಿನ ಯೂನಿಫಾರ್ಮಿನಲ್ಲಿ ಕರೆಸಿದ್ದರು. ಮಗಳು ಹೋದಳು. ಬಂದವಳೇ ಸ್ಕರ್ಟು ಕಳಚಿ ಗೂಟಕ್ಕೆ ಹಾಕಿದಳು.

‘ನಾನು ಆ ಶಾಲೆಗೆ ಹೋಗಲ್ಲಮ್ಮ.’

ಮೆಷಿನ್ನು ನಿಂತಿತು. ನನ್ನ ಮೊಳೆ ಡಬ್ಬಿಯೂ ನಿಂತಿತು.

‘ಯಾಕೆ, ಏನಂದ್ರು?’

‘ಯಾರೂ ಏನೂ ಅನ್ನಲಿಲ್ಲ. ಇದು ನಿಮ್ಮ ಅಕ್ಕಂದಾ ಅಂತ ಒಬ್ಬಳು ಕೇಳಿದಳು.’

‘ಕೇಳಿದರೆ ಕೇಳಲಿ.’

‘ನಂದೇ ಅಂದೆ. ಆಗ ಎಲ್ಲರೂ ನಕ್ಕರು. ನಡೆದರೆ ಅಂಚು ಕಾಲಿಗೆ ಬಡಿಯುತ್ತೆ, ಕೂತರೆ ಡೇರೆ ಹಾಕಿದ ಹಾಗೆ ಸುತ್ತ ನಿಲ್ಲುತ್ತೆ. ನಾನು ಇಲ್ಲೇ ಕೂತು ಗುಂಡಿ ಹಚ್ಚತೀನಿ. ನಿಂಗೂ ಕೈಗೊಬ್ಬರು ಬೇಕಲ್ಲ.’

‘ಗುಂಡಿ ಹಚ್ಚೋಕೆ ನಿನ್ನ ಹೆತ್ತಿದ್ದಾ ನಾನು? ಒಂದು ವರ್ಷ ತಡಿ, ಸರಿಯಾಗಿ ಕೂರುತ್ತೆ.’

‘ಹೋದ ವರ್ಷಾನೂ ಇದೇ ಅಂದೆ.’

ಅಷ್ಟೇ. ಜಪ್ಪಯ್ಯ ಎಂದರೂ ಮಗಳು ಹಟ ಬಿಡಲಿಲ್ಲ. ಮಡಿಕೆಯಕ್ಕ ಬಾಲ ಸುಟ್ಟ ಬೆಕ್ಕಿನಂತಾದಳು. ಸ್ಕರ್ಟು ಗೂಟದಿಂದ ತೆಗೆಯುವುದು, ನೋಡುವುದು, ಮತ್ತೆ ಹಾಕುವುದು. ಸೊಂಟದ ಹತ್ತಿರ ಒಂದು ಮಡಿಕೆ ಹಿಡಿದಳು. ಸ್ಕರ್ಟು ಲಾಂದ್ರದ ಬುಡ್ಡಿಯ ಹಾಗೆ ಉಬ್ಬಿಕೊಂಡಿತು. ಬಿಚ್ಚಿದಳು. ಅಂಚಿನ ಮಡಿಕೆಯ ಮೇಲೇ ಇನ್ನೊಂದು ಮಡಿಕೆ ಹಾಕಿದಳು. ಭಾರಕ್ಕೆ ಕೆಳಗಿನ ತುದಿ ಜೋತುಬಿದ್ದು ಇನ್ನಷ್ಟು ಕೆಟ್ಟಿತು. ಅದನ್ನೂ ಬಿಚ್ಚಿದಳು. ನಡುವೆ ಗಿರಾಕಿಗಳು. ಯಾರದೋ ಅಂಗಿಗೆ ಯಾರದೋ ಗುಂಡಿ ಹಚ್ಚಿ, ಬೈಸಿಕೊಂಡು, ಮತ್ತೆ ಕಿತ್ತಳು.

ಮಗಳು ಹಳೇ ಚೀಲ ಹಿಡಿದು ನನ್ನ ಹತ್ತಿರ ಬಂದಳು. ‘ಅಜ್ಜ, ಈ ಜಿಪ್ಪು ಹಾಕಿಕೊಡ್ತೀರಾ?’

‘ಶಾಲೆಗೇ ಹೋಗಲ್ಲ ಅಂದೆಯಂತೆ, ಚೀಲ ಯಾಕೆ?’

‘ತರಕಾರಿ ತರೋಕೆ.’

‘ತರಕಾರಿಗೆ ಇಷ್ಟು ಚೆಂದದ ಜಿಪ್ಪು ಬೇಡ, ಬಾಯಿ ತೆರೆದೇ ಇರಲಿ.’

ಅವಳು ಚೀಲ ವಾಪಸು ಕೇಳಲಿಲ್ಲ. ‘ಹಾಕಿಡಿ’ ಎಂದು ಹೋದಳು. ಮನಸ್ಸೆಲ್ಲ ಶಾಲೆಯಲ್ಲೇ ಇದೆ, ಹಟ ಮಾತ್ರ ಮನೆಯಲ್ಲಿದೆ ಎಂದು ನನಗೆ ಗೊತ್ತಾಯಿತು. ಒಳ್ಳೆ ಜಿಪ್ಪೇ ಹಾಕಿದೆ.

ಶಾಲೆ ಶುರುವಾಗಲು ಒಂದೇ ದಿನ ಉಳಿದಿತ್ತು. ಬೆಳಗ್ಗೆ ಹಾಲಿನವಳು ಕ್ಯಾನು ಇಳಿಸಿ ಮಡಿಕೆಯಕ್ಕನ ಬಾಗಿಲಲ್ಲಿ ನಿಂತಳು.

‘ಅಕ್ಕ, ನಿನ್ನ ಮಗಳ ಹಳೇ ಶಾಲೆ ಸ್ಕರ್ಟು ನನ್ನ ಚಿಕ್ಕೋಳಿಗೆ ಅಂದಿದ್ದೆ, ಮರೆತೆಯಾ?’

‘ಮರೆಯೋದಾ? ನನ್ನ ತಲೆ ಈಗ ನನ್ನ ಹತ್ತಿರ ಇಲ್ಲ ಅಷ್ಟೆ. ಒಳಗೆ ಬಾ.’

ಪೆಟ್ಟಿಗೆಯಿಂದ ಬೂದು ಬಣ್ಣದ ಎರಡು ಸ್ಕರ್ಟು ತೆಗೆದಳು. ನಾನು ಜಿಪ್ಪು ಹಾಕಿದ ಚೀಲ ಕೊಡಲು ಬಾಗಿಲಿಗೆ ಬಂದಿದ್ದೆ. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮಡಿಕೆಯಕ್ಕ ಮೊದಲ ಸ್ಕರ್ಟಿನ ಅಂಚು ತಿರುಗಿಸಿದಳು. ಅಚ್ಚುಕಟ್ಟಾದ ಗೆರೆಗಳು, ಒಂದರ ಕೆಳಗೊಂದು. ‘ನೋಡು, ಪ್ರತಿ ವರ್ಷ ಬಿಚ್ಚಿದೀನಿ’ ಎಂದು ಹಾಲಿನವಳಿಗೆ ತೋರಿಸಿದಳು. ಆಮೇಲಿನ ವರ್ಷಗಳಿಗೆ ಹೊಲಿದ ಎರಡನೆಯದನ್ನು ತಿರುಗಿಸಿದಳು. ಅದಕ್ಕೆ ಗೆರೆಯಿಲ್ಲ. ಮಡಿಕೆ ಮೊದಲು ಹೊಲಿದ ಹಾಗೇ ಇತ್ತು. ಬೂದು ದಾರ ಮುಗಿದು ಕಪ್ಪು ದಾರದಲ್ಲಿ ಹೊಲಿದಿದ್ದಳು, ಆ ಕಪ್ಪು ದಾರವೇ ಕೂತಿತ್ತು. ಒಳಗಿನ ಬಟ್ಟೆ ಬಿಸಿಲೇ ಕಾಣದೆ ಫಳಫಳ ಎನ್ನುತ್ತಿತ್ತು.

‘ಇದನ್ನ ಬಿಚ್ಚಲೇ ಇಲ್ಲವಲ್ಲಕ್ಕ?’ ಎಂದಳು ಹಾಲಿನವಳು. ‘ಎರಡು ವರ್ಷ ಹಾಕಿಕೊಂಡಳಲ್ಲ ಇದನ್ನ.’

ಮಡಿಕೆಯಕ್ಕ ದಾರದ ಮೇಲೆ ಹೆಬ್ಬೆರಳು ಆಡಿಸಿದಳು, ಇನ್ನೊಂದು ಸಲ ತಿರುಗಿಸಿದಳು. ಆಮೇಲೆ ಒಳಕ್ಕೆ ಕೂಗಿದಳು.

‘ಇಲ್ಲಿ ಬಾರೇ. ಈ ಮಡಿಕೆ ಬಿಚ್ಚು ಅಂತ ಯಾಕೆ ಕೇಳಲಿಲ್ಲ?’

ಮಗಳು ಒದ್ದೆ ಕೈಯಲ್ಲೇ ಬಂದಳು. ‘ಗಿಡ್ಡ ಆಗಿದ್ದರೆ ಕೇಳತಿದ್ದೆ.’

‘ಎರಡು ವರ್ಷ?’

‘ನೀನು ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ದೆ. ನಾನೂ ಕಾಯತಿದ್ದೆ.’

ಆಗ ನೋಡಿ, ಮಡಿಕೆಯಕ್ಕ ಕೊರಳಿನ ಟೇಪು ಎಳೆದಳು. ಬೀದಿಯ ಮಕ್ಕಳನ್ನೆಲ್ಲ ಕಣ್ಣಲ್ಲೇ ಅಳೆಯುವವಳು, ಸ್ವಂತ ಮಗಳನ್ನು ಕಣ್ಣಲ್ಲೂ ಅಳೆದಿರಲಿಲ್ಲ. ಮನೆಯೊಳಗೇ ಇರುವ ಮಗು, ಬೆಳೆಯುತ್ತಲೇ ಇರುತ್ತದೆ ಎಂದುಕೊಂಡಿದ್ದಳು. ಮಗಳನ್ನು ಬಾಗಿಲಿಗೆ ಒರಗಿಸಿ ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕೆಳಕ್ಕೆ ಟೇಪು ಬಿಟ್ಟಳು. ಹಳೇ ಸ್ಕರ್ಟನ್ನು ಅದರ ಪಕ್ಕ ಹಿಡಿದಳು. ಎರಡು ವರ್ಷದ ಹಿಂದಿನ ಅಳತೆಗೂ ಈಗಿನದಕ್ಕೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಮತ್ತೆ ಅಳೆದಳು, ಟೇಪೇ ಸುಳ್ಳು ಹೇಳುತ್ತಿದೆಯೇನೋ ಎಂಬಂತೆ.

‘ಇವಳು ಬೆಳೆದಾಯ್ತು’ ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಹಾಲಿನವಳಿಗೆ ನಗು ತಡೆಯಲಿಲ್ಲ. ‘ಅಲ್ಲ ಅಕ್ಕ, ಉಳಿಸೋಕೆ ಅಂತ ಮಡಿಸಿ ಮಡಿಸಿ ಇಟ್ಟ ಬಟ್ಟೆ ಎಲ್ಲ ಸೇರಿಸಿದ್ದರೆ ನನ್ನ ಮಗಳಿಗೆ ಇನ್ನೊಂದು ಸ್ಕರ್ಟು ಆಗಿರೋದು.’

‘ನಿನ್ನ ಹಾಲಲ್ಲಿ ನೀರು ಎಷ್ಟು ಅಂತ ನಾನು ಕೇಳಿದೀನಾ? ತಗೊಂಡು ಹೋಗೇ.’

ಹಾಲಿನವಳು ಎರಡೂ ಸ್ಕರ್ಟು ಕಂಕುಳಲ್ಲಿ ಇಟ್ಟುಕೊಂಡು ನಗುತ್ತಲೇ ಹೋದಳು. ನಾನು ಚೀಲ ಗೂಟಕ್ಕೆ ತಗುಲಿಸಿ ನನ್ನ ಜಾಗಕ್ಕೆ ಬಂದೆ.

ಮಡಿಕೆ ಬಿಚ್ಚುವುದು ಅವಳಿಗೆ ನೀರು ಕುಡಿದ ಹಾಗೆ. ಕತ್ತರಿಸಿ ಬಿಸಾಡುವುದು ಮಾತ್ರ ಗೊತ್ತಿಲ್ಲ. ಒಳ್ಳೆ ಬಟ್ಟೆಯ ಮೇಲೆ ಹಾಗೆ ಕತ್ತರಿ ಇಟ್ಟದ್ದನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಹಸಿರು ಸ್ಕರ್ಟು ಹಲಗೆಯ ಮೇಲೆ ಹರಡಿದಳು, ಗೆರೆ ಎಳೆದಳು, ಎದ್ದಳು. ನನ್ನ ಬಾಗಿಲಿಗೆ ಬಂದಳು.

‘ಮಾವ, ನನ್ನ ಕತ್ತರಿ ಮೊಂಡಾಗಿದೆ. ನಿಮ್ಮದು ಕೊಡಿ.’

ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ‘ನಿಮ್ಮದು ಚೀಲದ್ದು, ಬಟ್ಟೆಗೆ ಒರಟು.’

‘ನಿನ್ನದೇ ಸಾಣೆ ಹಿಡಿದು ಕೊಡಲಾ?’

‘ಬೇಡ. ಸರಿಯಾಗೇ ಇದೆ ಅನ್ಸುತ್ತೆ.’

ಅಲ್ಲೇ ನಿಂತಳು. ನನ್ನ ಡಬ್ಬಿಯ ಮೊಳೆಗಳನ್ನು ದೊಡ್ಡದು, ಚಿಕ್ಕದು ಎಂದು ಬೇರೆ ಮಾಡತೊಡಗಿದಳು. ‘ಮಾವ, ಕತ್ತರಿಸಿದ ಮೇಲೆ ಅವಳು ಇನ್ನೊಂದು ಇಂಚು ಎದ್ದರೆ?’

‘ಎದ್ದರೆ ಎದ್ದಳು. ನಾಳೆ ಹೋಗದಿದ್ದರೆ ಇಂಚು ಇಟ್ಟುಕೊಂಡು ಏನು ಮಾಡತೀಯ?’

ಮೊಳೆಗಳನ್ನು ಹಾಗೇ ಬಿಟ್ಟು ಹೋದಳು. ಗೋಡೆಯಾಚೆ ಮಗಳ ದನಿ ಕೇಳಿತು.

‘ನಾನು ಈ ಕಡೆ ಎಳೆದು ಹಿಡೀತೀನಮ್ಮ. ನೀನು ಕತ್ತರಿಸು.’

‘ಅಲ್ಲಾಡಿಸಬೇಡ.’

‘ನೀನಿನ್ನೂ ಕತ್ತರಿ ಇಟ್ಟೇ ಇಲ್ಲ.’

ಕತ್ತರಿ ಓಡಿತು. ನಿಂತಿತು. ಮತ್ತೆ ಓಡಿತು.

‘ಈ ಪಟ್ಟಿ ಬಿಸಾಡಬೇಡಮ್ಮ. ಅದರಲ್ಲಿ ಜೇಬು ಮಾಡು. ನನ್ನ ಬಟ್ಟೆಗೆ ಯಾವತ್ತೂ ಜೇಬೇ ಇಲ್ಲ.’

‘ಜೇಬಿಗೆ ಬಟ್ಟೆ ದಂಡ ಅಂತ ಇಡತಿರಲಿಲ್ಲ’ ಎಂದಳು ತಾಯಿ. ಸಂಜೆಯವರೆಗೂ ನನ್ನ ಮೊಳೆ ಡಬ್ಬಿ ಕುಣಿಯಿತು.

ಬೆಳಗ್ಗೆ ಬೀದಿಯ ಮಕ್ಕಳೆಲ್ಲ ಹೊರಟಿದ್ದರು. ಹಾಲಿನವಳ ಚಿಕ್ಕವಳು ಬೂದು ಸ್ಕರ್ಟಿನೊಳಗೆ ಮುಳುಗಿ ಹೋಗುತ್ತಿದ್ದಳು. ಮಡಿಕೆಯಕ್ಕನ ಬಾಗಿಲು ಮುಚ್ಚಿತ್ತು. ನಾನು ರಿಪೇರಿಗೆ ಬಂದ ಯಾರದೋ ಚೀಲ ಕೈಯಲ್ಲೇ ಇಟ್ಟುಕೊಂಡು ಕೂತಿದ್ದೆ. ಬಾಗಿಲು ತೆರೆಯಿತು. ಮಗಳು ಹೊರಗೆ ಬಂದು ನಿಂತಳು. ಹಸಿರು ಸ್ಕರ್ಟು ಮೊಣಕಾಲ ಕೆಳಗೆ ಎಲ್ಲಿ ಇರಬೇಕೋ ಅಲ್ಲಿ ಇತ್ತು. ಹಳೇ ರೂಢಿಯಂತೆ ಬಗ್ಗಿ ಅಂಚನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ತೆಳ್ಳಗಿತ್ತು. ಜೇಬಿಗೆ ಕೈ ಹಾಕಿದಳು, ಕೈ ಮಣಿಕಟ್ಟಿನವರೆಗೂ ಹೋಯಿತು. ಸೊಂಟದ ಪಟ್ಟಿ ಮುಟ್ಟಿದಳು, ಅಲ್ಲಿ ಬೆರಳು ನಿಂತಿತು.

‘ಅಮ್ಮ, ಇಲ್ಲಿ ಇದೇನು?’

‘ಎಲ್ಲಿ?’

‘ಪಟ್ಟಿಯೊಳಗೆ. ಮಡಿಕೆ ಇಟ್ಟಿದೀಯ.’

ತಾಯಿ ಬಾಗಿಲ ಚೌಕಟ್ಟಿಗೆ ಅಂಟಿದ್ದ ದಾರದ ತುಣುಕು ಕೀಳುತ್ತಿದ್ದಳು. ‘ಅದು ಉದ್ದಕ್ಕಲ್ಲ, ಅಗಲಕ್ಕೆ. ನಿಮ್ಮಪ್ಪನ ಕಡೆಯವರನ್ನ ನೋಡಿಲ್ವಾ, ಅವರೆಲ್ಲ ಬೆಳೆಯೋದೇ ಸೊಂಟದಲ್ಲಿ.’

ಮಗಳು ನಕ್ಕಳು. ಅಷ್ಟು ದಿನದ ಬಿಗುವು ಆ ನಗುವಿನಲ್ಲಿ ಸಡಿಲವಾಯಿತು. ಚೀಲ ಹೆಗಲಿಗೇರಿಸಿ, ‘ಬರತೀನಿ ಅಜ್ಜ’ ಎಂದು ನನಗೆ ಹೇಳಿ, ಬಸ್ಸು ತಿರುಗುವ ಕಡೆ ನಡೆದಳು. ಸ್ಕರ್ಟು ಕಾಲಿಗೆ ಬಡಿಯಲಿಲ್ಲ.

ತಾಯಿ ಬಾಗಿಲಲ್ಲಿ ನಿಲ್ಲಲಾರದೆ ಮೂಲೆಯವರೆಗೆ ಹೋದಳು, ಅಲ್ಲಿಯೂ ನಿಲ್ಲಲಾರದೆ ವಾಪಸು ಬಂದಳು, ಮತ್ತೆ ಹೋದಳು. ಬಸ್ಸು ಹೋದ ಮೇಲೆ ಬಂದು ಮೆಷಿನ್ನಿನ ಮುಂದೆ ಕೂತಳು. ನನ್ನ ಡಬ್ಬಿ ಕುಣಿಯತೊಡಗಿತು. ಯಾವ ಕೆಲಸ ಹಿಡಿದಳಪ್ಪಾ ಇಷ್ಟು ಜೋರಾಗಿ ಎಂದು ಇಣುಕಿದೆ. ಎರಡೂ ಕಾಲು ಪೆಡಲಿನ ಮೇಲಿದ್ದವು, ಚಕ್ರ ತಿರುಗುತ್ತಿತ್ತು, ಕಣ್ಣು ಬೀದಿಯ ಮೂಲೆಯ ಕಡೆಗಿತ್ತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.